ಕೂಡದೆ ಉಳಿದ ಮೂರು ತಂತಿ

ನಿಮ್ಮವ್ವ ಎಂ.ಟೆಕ್ ಯಾಕೆ ಅರ್ಧಕ್ಕೆ ಬಿಟ್ಟಳು ಎಂದು ಕೇಳುತ್ತೀರಿ. ನೀವು ಸಣ್ಣವರಿದ್ದಿರಿ, ಅದಕ್ಕೆ ಎಂದು ಅವಳು ಹೇಳುತ್ತಾಳೆ. ಅದಷ್ಟೇ ಅಲ್ಲ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ಬರೆದಿಡುತ್ತೇನೆ.

ನಿಮ್ಮಜ್ಜ ತೀರಿದ ಮೇಲೆ ನಾನು ನಮ್ಮೂರು ಕಳ್ಳಕವಟಗಿ ಬಿಟ್ಟು ವಿಜಯಪುರಕ್ಕೆ, ಮಗಳ ಮನೆಗೆ ಬಂದೆ. ಉಗುರಿಗಿಂತ ಸಣ್ಣ ಚಿಪ್‌ನೊಳಗೆ ತಂತಿಗಳು ಒಂದಕ್ಕೊಂದು ತಾಗದಂತೆ ಹೋಗಲು ಕಂಪ್ಯೂಟರೇ ದಾರಿ ಹುಡುಕಬೇಕು. ಅದಕ್ಕೆ ಲೆಕ್ಕ ಬರೆಯುವುದು ಆಗ ಎಂ.ಟೆಕ್‌ನಲ್ಲಿ ಅವಳ ಕೆಲಸವಾಗಿತ್ತು. ಏಳನೇ ಇಯತ್ತೆ ಕಲಿತ ನನಗೂ ಚೌಕುಳಿ ಹಾಳೆಯ ಮೇಲೆ ಮಾಡಿ ತೋರಿಸಿದಳು. ಒಂದೊಂದು ಚೌಕವೂ ಒಂದು ಮನೆ. ತಂತಿ ಹೊರಡುವ ಮನೆಯ ಸುತ್ತ ಒಂದು, ಅದರಾಚೆ ಎರಡು, ಅದರಾಚೆ ಮೂರು. ಹೀಗೆ ಅಂಕಿ ಬರೆಯುತ್ತ ಮುಟ್ಟಬೇಕಾದ ಮನೆಗೆ ಹೋಗಬೇಕು. ಅಲ್ಲಿಂದ ಅಂಕಿ ಇಳಿಸುತ್ತ ಹಿಂದೆ ಬಂದರೆ ಅದೇ ತಂತಿಯ ದಾರಿ. ಒಂದು ತಂತಿ ಹಾದ ಮನೆಯ ಮೇಲೆ ಇನ್ನೊಂದು ಹಾಯುವಂತಿಲ್ಲ.

ಅವಳ ಲೆಕ್ಕ ಗಿಡ್ಡ ತಂತಿಗಳನ್ನು ಮೊದಲು ಎಳೆಯುತ್ತಿತ್ತು. ಪ್ರತಿ ಸಲವೂ ನಡುವಿನ ಮೂರು ತಂತಿಗಳು ದಾರಿ ಸಿಗದೆ, ಕೂಡದೆ ಉಳಿಯುತ್ತಿದ್ದವು.

ಒಂದು ದಿನ ಅವಳ ಕಾಲೇಜಿನ ಸರ್ ಮನೆಗೆ ಬಂದರು. "ಹದಿನೈದು ದಿನದಾಗ ಮೂರೂ ಕೂಡಿದ್ರ ಬರ್ರಿ. ಇಲ್ಲಾಂದ್ರ ಎಂ.ಟೆಕ್ ಬಿಟ್ಟಬಿಡ್ರಿ" ಎಂದರು.

ನಾನು ಚಹಾ ಹಿಡಿದು ನಿಂತು ಹಾಳೆ ನೋಡುತ್ತಿದ್ದೆ. ನಮ್ಮ ಕಡೆ ಒಂದೇ ಬಾವಿಯಿಂದ ನಾಲ್ಕಾರು ಮನೆಯವರು ಹೊಲಕ್ಕೆ ಪೈಪು ಒಯ್ಯುವಾಗ, ಸುತ್ತ ಬೇರೆ ಮಂದಿಯ ಹೊಲ ಇರುವ ಒಳಗಿನವನ ಪೈಪೇ ಮೊದಲು. ರಸ್ತೆ ಬದಿಯವರು ಕಾಯುತ್ತಾರೆ, ಅವರಿಗೆ ಬಳಸಿ ಹೋಗಲು ಜಾಗ ಇರುತ್ತದೆ. ಇಲ್ಲಿ ಹಾಳೆಯ ಮೇಲೆ, ಹೊರಗಿನವರಂತಿದ್ದ ಗಿಡ್ಡ ತಂತಿಗಳು ಮೊದಲು ಹಾದು ಒಳಗಿನ ಮೂರರ ದಾರಿ ಕಟ್ಟಿದ್ದವು. ನನಗೆ ಅದು ಕಣ್ಣಿಗೇ ಕಂಡಿತು.

"ಏನ್ ನೋಡಾಕತ್ತೀರಿ ಅಮ್ಮಾರ? ನೀವರ ಕೂಡಸ್ರಲಾ ಇವನ್ನ!" ಎಂದು ಸರ್ ನಕ್ಕರು. ಮಗಳೂ ನಕ್ಕಳು.

"ಚಾ ಆರಾಕತ್ತೈತ್ರಿ" ಎಂದು ಹೇಳಿ ಒಳಗೆ ಹೋದೆ.

ಆ ಹದಿನೈದು ದಿನವೂ ಅವಳ ಕೋಣೆಯ ಬಾಗಿಲತನಕ ಹೋಗಿ ತಿರುಗಿ ಬಂದೆ. ಇಂಜಿನಿಯರಿಗೆ ಪೈಪಿನ ಮಾತು ಹೇಳುವುದೇನು ಎಂದು ನಾಚಿಕೆ. ಮೂರೂ ಕೂಡಲೇ ಇಲ್ಲ. ಹದಿನಾರನೆಯ ದಿನ ಅವಳು ಪುಸ್ತಕಗಳನ್ನು ಅಟ್ಟಕ್ಕೆ ಏರಿಸಿದಳು.

ಹೋದ ವರ್ಷ ಅವಳೊಡನೆ ಬಸ್ಸಿನಲ್ಲಿ ಬಬಲೇಶ್ವರಕ್ಕೆ ಹೊರಟಾಗ, ಹೊಲದಲ್ಲಿ ಪೈಪಿಗೆ ಅಗೆಯುವುದು ಕಂಡಿತು. ತಡೆಯಲಾಗದೆ ಹೇಳಿಬಿಟ್ಟೆ. ಅವಳು ಮನೆಗೆ ಬಂದವಳೇ ಹಳೆಯ ಹಾಳೆ ಹುಡುಕಿ, ಎಲ್ಲ ಅಳಿಸಿ, ಆ ಮೂರನ್ನೇ ಮೊದಲು ಎಳೆದಳು. ಕೂಡಿದವು. ಉಳಿದವು ಅಂಚಿನಿಂದ ಬಳಸಿ ಹೋದವು.

"ದೊಡ್ಡ ಚಿಪ್‌ನಾಗ ಇದೊಂದ ಸಾಲೂದಿಲ್ಲ ಬೇ ಯವ್ವಾ" ಎಂದಳು. ಮತ್ತೆ ಹಾಳೆ ನೋಡಿ, "ಸರ್‌ಗ ತೋರ್ಸಾಕ ಇಷ್ಟ ಸಾಕಿತ್ತು. ಯಾವಾಗ ಹೊಳೀತು ನಿನಗ?"

"ಅವರು ಮನಿಗೆ ಬಂದಾಗನ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತ ಎಂ.ಟೆಕ್ ಸೇರಾಕ ಬರೂದಿಲ್ಲೇನ?" ಎಂದು ಕೇಳಿದೆ.

"ಅದರ ವೇಳ್ಯಾ ಮುಗದೈತಿ."

ಹಾಳೆ ಮಡಚಿ ಒಲೆಯ ಹತ್ತಿರ ಇಟ್ಟು, ಹಿಟ್ಟು ನಾದಲು ಕೂತಳು. ಅಂದಿನಿಂದ ಅವಳು ತನ್ನ ಯಾವ ಕೆಲಸವನ್ನೂ ನನಗೆ ತೋರಿಸಿಲ್ಲ. ಕೇಳಲು ನನಗೂ ಮುಖವಿಲ್ಲ.