ಹುಚ್ಚರ ದವಾಖಾನೆಯಲ್ಲಿ ಮನೆ ನೋಡಿದ್ದು

ಆ ಕಟ್ಟಡ ಹಿಂದೆ ಶಾಲೆಯಾಗಿತ್ತು ಎಂದು ಮಗಳು ಹೇಳಿದ್ದಳು. ಎಷ್ಟೋ ವರ್ಷ ಹಾಳುಬಿದ್ದಿದ್ದ ದೊಡ್ಡ ಇಟ್ಟಿಗೆ ಕಟ್ಟಡ. ಈಗ ಒಳಗೆಲ್ಲ ಹೊಸದು ಮಾಡಿ ಫ್ಲ್ಯಾಟುಗಳಾಗಿ ಮಾರುತ್ತಿದ್ದರು. ಅಮೆರಿಕದಲ್ಲಿ, ಕ್ಯಾನ್ಯನ್ ಪಾರ್ಕ್ ಎಂಬಲ್ಲಿದ್ದ ಅವಳ ಆಫೀಸಿಗೆ ಅಲ್ಲಿಂದ ಅರ್ಧ ಗಂಟೆ ದಾರಿ. ಬಾಡಿಗೆ ಮನೆ ಬದಲಾಯಿಸಿ ಸಾಕಾಗಿ ಅವಳು ಇದರ ಮೇಲೆ ಜೀವ ಇಟ್ಟಿದ್ದಳು. ಅಳಿಯನದು ಒಂದೇ ಮಾತು: ಹಿರಿಯರು ಒಪ್ಪದ ಮನೆಗೆ ಸಹಿ ಹಾಕುವುದಿಲ್ಲ. ಹಿರಿಯರೆಂದರೆ ಮೈಸೂರಿನಲ್ಲಿದ್ದ ಅವನ ತಾಯಿ, ಮತ್ತು ಮಗಳ ಜೊತೆ ಇರಲು ಇಲ್ಲಿಗೆ ಬಂದಿದ್ದ ನಾನು. ಒಂದು ಸಂಜೆ ನನ್ನನ್ನು ಕರೆದುಕೊಂಡು ಹೋದರು.

ನಾನು ಕಲಿತದ್ದು ಮೂರನೇ ಇಯತ್ತೆ. ಇದು ಶಾಲೆ ಅಲ್ಲ ಎಂದು ತಿಳಿಯಲು ಅಷ್ಟು ಸಾಕು. ಕೋಣೆಗಳ ಹಳೆಯ ಬಾಗಿಲುಗಳು ಹೊರಕ್ಕೆ ತೆರೆಯುತ್ತಿದ್ದವು. ನಡುವೆ ಅಂಗೈಯಗಲದ ಕಿಂಡಿ, ಅದಕ್ಕೆ ಈಗ ಗಾಜು. ಮನೆ ತೋರಿಸಲು ಬಂದ ಹೆಂಗಸು, ಹಳೆಯದನ್ನು ಹಾಗೇ ಉಳಿಸಿಕೊಂಡಿದ್ದೇವೆ ಎಂದು ಹೆಮ್ಮೆಪಡುತ್ತಿದ್ದಳು. ಅವಳು ಹತ್ತು ಮಾತಾಡಿದರೆ ಮಗಳು ನನಗೆ ಎರಡನ್ನು ಕನ್ನಡ ಮಾಡುತ್ತಿದ್ದಳು.

"ಇದು ಸಾಲಿ ಅಲ್ಲ," ಎಂದೆ. "ಹುಚ್ಚರ ದವಾಖಾನಿ. ಒಳಗಿನವ್ರು ಮಂಚ ಅಡ್ಡ ಇಟ್ರೂ ತೆಗೀಲಿಕ್ಕೆ ಬರ್ಬೇಕಂತ ಬಾಗಲಾ ಹಿಂಗ ಕೂಡಸ್ತಾರ."

ಅಳಿಯ ನೆಲ ನೋಡಿದ. ಅಂದರೆ ಇಬ್ಬರೂ ಗೊತ್ತಿದ್ದೇ ಶಾಲೆ ಎಂದಿದ್ದರು. ಮಗಳು ನನ್ನ ಕಡೆ ತಿರುಗಿದಳು. "ಅವ್ವಾ, ನಿನಗ ಹ್ಯಾಂಗ ಗೊತ್ತು?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಶಾಲೆಯ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತೇನೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಇಪ್ಪತ್ತು ವರ್ಷ ರೊಟ್ಟಿ ಬಡಿದದ್ದು ನಮ್ಮೂರಾಚೆಯ ಹುಚ್ಚರ ದವಾಖಾನೆಯಲ್ಲಿ. ಮದುವೆ ಮಾಡಬೇಕಾದ ಮಗಳಿದ್ದಳಲ್ಲ, ಬೀಗರಾಗುವವರು ಹಿಂದೆ ಸರಿದಾರು ಎಂದು ಸುಳ್ಳು ಹೇಳಿದ್ದೆ.

ಮಗಳು ಮೊದಲು ಬೆರಗಾದಳು, ಆಮೇಲೆ ನಕ್ಕಳು. "ಮದುವಿ ಆಗಿ ಎಂಟು ವರ್ಷ ಆತು, ಈಗ ಹೇಳ್ತಿ."

"ನೀ ಅಂತೂ ಇದು ದವಾಖಾನಿ ಅಂತ ಇವತ್ತೂ ಹೇಳಿದ್ದಿಲ್ಲಲ್ಲ."

ಅಲ್ಲಿ ಭಯ ಆಗುತ್ತಿರಲಿಲ್ಲವೇ ಎಂದು ಅಳಿಯ ಮೆಲ್ಲಗೆ ಕೇಳಿದ.

"ಭಯ ಎಲ್ಲೀದು? ಆ ಹುಚ್ಚರಾಗ ಒಬ್ಬಾಕಿ ನನಗಿಂತ ತೆಳ್ಳಗ ರೊಟ್ಟಿ ಬಡೀತಿದ್ಲು. ನನಗ ಹೊಟ್ಟಿಕಿಚ್ಚು."

ಈ ಕಟ್ಟಡದಲ್ಲೂ ಅತ್ತವರಿದ್ದಾರು, ಸತ್ತವರೂ ಇದ್ದಾರು. ಅದು ಯಾವ ಹಳೆಯ ಮನೆಯಲ್ಲಿಲ್ಲ? ಗೋಡೆಯ ಮೇಲೆ ಗುದ್ದಿ ನೋಡಿದೆ. ಒಂದು ಮೊಳ ದಪ್ಪ ಇತ್ತು. ಈಗ ಅವರಿರುವ ಬಾಡಿಗೆ ಮನೆಯಲ್ಲಿ ಪಕ್ಕದವರು ಸೀನಿದ್ದೂ ಕೇಳಿಸುತ್ತದೆ. ನನ್ನ ಒಪ್ಪಿಗೆ ಇದೆ ಎಂದೆ.

ಮೈಸೂರಿನಲ್ಲಿ ಬೆಳಗಾಗಿತ್ತು. ಅಳಿಯ ಅಲ್ಲಿಂದಲೇ ತಾಯಿಗೆ ಫೋನ್ ಹಚ್ಚಿ, ನಮಗೂ ಕೇಳುವಂತೆ ಇಟ್ಟು, ಕಟ್ಟಡದ ಕತೆ, ನನ್ನ ರೊಟ್ಟಿಯ ಕತೆ, ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ. ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು.

ಎಲ್ಲ ಕೇಳಿದ ಮೇಲೆ ಬೀಗಿತ್ತಿ ಒಂದೇ ಒಂದು ಕೇಳಿದರು: "ಅದೆಲ್ಲ ಇರ್ಲಿ. ಅಡುಗೆಮನೆ ಆಗ್ನೇಯದಲ್ಲಿದೆ ತಾನೆ?"

ಅದು ಇದ್ದದ್ದು ಈಶಾನ್ಯದಲ್ಲಿ. ಅಳಿಯ ಫೋನನ್ನು ನನ್ನ ಕೈಗಿಟ್ಟ. ಹಿರಿಯರಲ್ಲವೇ, ಹೇಳಲಿ ಎಂದು.

"ಹೌದ್ರೀ ಬೀಗರ, ಆಗ್ನೇಯದಾಗೈತಿ," ಎಂದೆ.

ಅಳಿಯ ಅಲ್ಲೇ ಸಹಿ ಹಾಕಿದ.