ಬಾನಿಯ ಅಂಚಿಗೆ ಮೂರು ತಟ್ಟು

ಯಲಬುರ್ಗಿಯ ನಮ್ಮ ಓಣಿಗೆ ನೀವು ಬೆಳಗಿನ ಹೊತ್ತು ಬಂದು ಹಿತ್ತಲಿನತ್ತ ಕಣ್ಣು ಹಾಯಿಸಿದರೆ, ನಾನು ಸೊಂಟದ ಮೇಲಿನ ಕೊಡವನ್ನು ಇಳಿಸುವ ಮೊದಲು ಕಲ್ಲಿನ ಬಾನಿಯ ಅಂಚಿಗೆ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟುವುದು ಕಾಣಿಸುತ್ತದೆ. ಬಾನಿ ಎಂದರೆ ದೊಡ್ಡ ವೈಭವವೇನಲ್ಲ. ಹಿಂದೆ ಈ ಮನೆಯಲ್ಲಿದ್ದವರ ಎಮ್ಮೆ ನೀರು ಕುಡಿಯುತ್ತಿದ್ದ, ಎಮ್ಮೆಯಿಲ್ಲದ ನಾವು ಕಾಲು ತೊಳೆಯಲಿಕ್ಕೂ ಮಲ್ಲಿಗೆ ಬಳ್ಳಿಗೆ ಹಾಕಲಿಕ್ಕೂ ನೀರು ತುಂಬಿಡುವ, ಪಾಚಿ ಹಿಡಿದ ಕರಿಗಲ್ಲಿನ ತೊಟ್ಟಿ. ನನ್ನ ತಟ್ಟುವಿಕೆಯಲ್ಲಿ ಮಂತ್ರವಿಲ್ಲ, ವ್ರತವಿಲ್ಲ. ಒಳಗೆ ಒಂದು ಕಪ್ಪೆ ಇದೆ, ಅಷ್ಟೇ. ಆದರೆ ಆ ‘ಅಷ್ಟೇ’ಯನ್ನು ಬಾಯಿಬಿಟ್ಟು ಹೇಳಲಿಕ್ಕೆ ನನಗೆ ಶ್ರಾವಣದ ಮೂರು ಸೋಮವಾರಗಳು ಬೇಕಾದವು.

ಯುದ್ಧದ ದೆಸೆಯಿಂದ ಸೀಮೆಎಣ್ಣೆಗೆ ತತ್ವಾರವಾಗಿದ್ದ ವರ್ಷ ಅದು. ಬೆಳಕಿರುವಾಗಲೇ ಕೆಲಸ ಮುಗಿಸುವ ಅವಸರದಲ್ಲಿ ಕೆರೆಯ ನೀರನ್ನು ಸೋಸದೆ ಬಾನಿಗೆ ಸುರಿದಿದ್ದೆ. ಮರುದಿನ ಬಾನಿಯೊಳಗೆ ನೀರಿನ ಮಟ್ಟಕ್ಕಿರುವ ಒಂದು ಕಲ್ಲಿನ ಮೇಲೆ ಕೊಡ ಊರಬೇಕೆನ್ನುವಷ್ಟರಲ್ಲಿ ಆ ಕಲ್ಲೇ ಜಿಗಿಯಿತು. ನಾನೂ ಜಿಗಿದೆ, ಅದಕ್ಕಿಂತ ದೂರ. ಅಂದಿನಿಂದ ತಟ್ಟುವುದು ರೂಢಿಯಾಯಿತು; ಅದು ಸರಿದುಕೊಳ್ಳಲಿ, ನನ್ನ ಕೈಯಿಂದ ಒಂದು ಜೀವ ಹೋಗದಿರಲಿ ಎಂದು.

ಅದರ ರೂಪವನ್ನು ಏನೆಂದು ವರ್ಣಿಸಲಿ! ಅರ್ಧ ನೀರಿನಲ್ಲಿ, ಅರ್ಧ ಹೊರಗೆ. ಬೆನ್ನಿನ ಮೇಲೆ ಬಾನಿಯದೇ ಪಾಚಿ, ಬಾನಿಯದೇ ಕಪ್ಪು, ಬಾನಿಯದೇ ಒರಟು. ನಡುವೆ ಒಂದು ನಸುಬಿಳಿ ಗೆರೆ, ಅದೂ ಕಲ್ಲಿನ ಬಿರುಕಿನ ಹಾಗೆ. ಹೊಸ ಸೀರೆ ಉಟ್ಟರೆ ನಾಲ್ಕು ಮಂದಿ ನೋಡಲಿ ಎಂದು ನೀರಿಗೆ ಸುತ್ತುಬಳಸಿ ಹೋಗುವ ನನ್ನಂಥವಳಿಗೆ, ಇಷ್ಟು ಚೆಂದದ ಉಡುಗೆಯನ್ನು ಯಾರಿಗೂ ಕಾಣಬಾರದೆಂದೇ ಉಟ್ಟು ಕೂತ ಆ ಪ್ರಾಣಿಯ ಮೇಲೆ ಗೌರವ ಹುಟ್ಟಿತು. ತಹಸೀಲು ಕಚೇರಿಯಲ್ಲಿ ಕಾರಕೂನರಾದ ನಮ್ಮ ಮನೆಯವರು ಒಂದಿಷ್ಟು ಹೊತ್ತು ಬಗ್ಗಿ ನೋಡಿ, “ನಮ್ಮ ಸಾಹೇಬ್ರೂ ದಫ್ತರದಾಗ ಹಿಂಗ ಕೂಡ್ತಾರ. ಅದಾರೋ ಇಲ್ಲೋ ತಿಳಿಯಂಗಿಲ್ಲ” ಎಂದು ಶಿಫಾರಸು ಮಾಡಿ ಹೋದರು.

ಸಾಕುವುದು ಸುಲಭವಲ್ಲ. ಬಿಸಿಲಿಗೆ ನೆರಳಾಗಲೆಂದು ಒಂದು ಒಡಕು ಹಂಚನ್ನು ವಾರೆಯಾಗಿ ನಿಲ್ಲಿಸಿದೆ, ಮೇಲೆ ಬಂದು ಕೂರಲಿಕ್ಕೆ ಅರ್ಧ ಇಟ್ಟಿಗೆ ಇಟ್ಟೆ. ನೀರನ್ನು ಪೂರ್ತಿ ಚೆಲ್ಲದೆ ಅರ್ಧರ್ಧ ಬದಲಿಸಿದೆ. ಊಟಕ್ಕೆ ಮೊದಲು ನೈವೇದ್ಯದ ಅನ್ನವಿಟ್ಟೆ, ಮುಟ್ಟಲಿಲ್ಲ. ಹೋಳಿಗೆಯ ಚೂರಿಟ್ಟೆ, ಹೋಳಿಗೆಯನ್ನೂ ಬಿಟ್ಟ ಅದರ ವೈರಾಗ್ಯ ಕಂಡು ನನಗೇ ನಾಚಿಕೆಯಾಯಿತು. ಚಲಿಸುವುದನ್ನಷ್ಟೇ ತಿನ್ನುವ ಜಾತಿ ಎಂದು ತಿಳಿದದ್ದು ಆಮೇಲೆ. ಹುಳ ಹಿಡಿದು ಕೊಡಲು ಕೈ ಬರಲಿಲ್ಲ. ಮಡಿಕೆಯ ಚೂರಿಗೆ ಬೆಲ್ಲ ಸವರಿ ಇಟ್ಟಿಗೆಯ ಮೇಲಿಟ್ಟೆ. ನೊಣಗಳು ತಾವಾಗಿಯೇ ಬಂದವು, ಕಪ್ಪೆ ತಾನಾಗಿಯೇ ತಿಂದಿತು. ಪಾಪ ಯಾರದೆಂಬುದನ್ನು ಶಿವನಿಗೇ ಬಿಟ್ಟೆ. ಸಂಜೆ ದೀಪ ಹಚ್ಚುವಾಗ ಆ ದಿನ ಅವನು ಮಾಡಿದ ಸಣ್ಣಪುಟ್ಟ ಉಪಕಾರಗಳನ್ನು ನೆನೆಯುವುದು ನನ್ನ ಚಟ. ಜೋಳದ ಹಿಟ್ಟು ಕಲ್ಲಿಲ್ಲದೆ ಸಿಕ್ಕಿತು, ಬಾವಿಯ ಹಗ್ಗ ಹರಿಯಲಿಲ್ಲ, ಕಪ್ಪೆ ಇದೆ.

ತೊಡಕಾದದ್ದು ಪಕ್ಕದ ಮನೆಯ ಗಂಗವ್ವಕ್ಕನಿಂದ. ಮೂರು ತಟ್ಟಿ, ಕಪ್ಪೆ ಸರಿಯುವವರೆಗೆ ತಲೆಬಾಗಿಸಿ ನಿಲ್ಲುವ ನನ್ನನ್ನು ಅವರು ಗಿಡ್ಡಗೋಡೆಯಾಚೆಯಿಂದ ದಿನಾ ನೋಡಿದ್ದಾರೆ. ತಾವರಗೇರಾದಲ್ಲಿದ್ದ ಮಗಳಿಗೆ ದಿನ ತುಂಬಿ ಮೀರಿದಾಗ, ನಾನಿಲ್ಲದ ಹೊತ್ತಿನಲ್ಲಿ ಬಂದು ತಾವೂ ಮೂರು ತಟ್ಟಿ ಬೇಡಿಕೊಂಡಿದ್ದಾರೆ. ಮರುದಿನವೇ ಮಗಳಿಗೆ ಸುಖವಾಗಿ ಹೆರಿಗೆಯಾದ ಸುದ್ದಿ ಬಂತು. ಶ್ರಾವಣದ ಮೊದಲ ಸೋಮವಾರ ಬಾನಿಯ ಅಂಚಿಗೆ ಅರಿಷಿಣ ಕುಂಕುಮ ಬಂದವು, ಜೊತೆಗೆ ಓಣಿಯ ನಾಲ್ಕು ಹೆಂಗಸರೂ ಬಂದರು.

ಅಂದೇ ಹೇಳಬಹುದಿತ್ತು. ಆದರೆ “ಈಕಿ ಭಾಳ ಭಕ್ತಿವಂತಿ ನೋಡ್ರಿ” ಎಂದು ಒಬ್ಬಾಕೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. ಹೋಳಿಗೆ ಬಿಡಬಹುದು, ಆ ಮಾತಿನ ಸವಿ ಬಿಡಲಾಗಲಿಲ್ಲ. ಸುಮ್ಮನಾದೆ. ಎರಡನೆಯ ಸೋಮವಾರ ಹೂವಿನೊಡನೆ ಒಂದು ಬಟ್ಟಲು ಹಾಲು ನೀರಿಗೆ ಬಿತ್ತು. ಸಂಜೆಗೆ ನೀರು ಹುಳಿನಾತ ಬಡಿಯಿತು. ಕಪ್ಪೆ ಇಟ್ಟಿಗೆಯ ಮೇಲೆ ಮುದುಡಿ ಕೂತಿತ್ತು, ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ಬೆನ್ನಿಗೆ ಅಂಟಿದ ಅರಿಷಿಣ ಮಾರು ದೂರಕ್ಕೂ ಕಾಣುತ್ತಿತ್ತು. ಗೋಡೆಯ ಮೇಲೆ ಒಂದು ಕಾಗೆ ಕತ್ತು ವಾರೆ ಮಾಡಿ ಅದನ್ನೇ ನೋಡುತ್ತಿತ್ತು. ಯಾರ ಕಣ್ಣಿಗೂ ಬೀಳದಿರುವುದೊಂದೇ ಅದಕ್ಕೆ ಶಿವ ಕೊಟ್ಟ ಕವಚ. ಅದನ್ನು ನನ್ನ ಹೆಸರಿನ ಆಸೆಗೆ ಕಳಚಿಹಾಕಿದ್ದೆ. ಕಾಗೆಯನ್ನು ಓಡಿಸಿ, ನೀರು ಬದಲಿಸಿ, ಬೊಗಸೆಯಿಂದ ಅದರ ಬೆನ್ನಿಗೆ ನೀರು ಬಿಡುತ್ತಾ ಕೂತೆ.

ಮೂರನೆಯ ಸೋಮವಾರ ಗಂಗವ್ವಕ್ಕ ಆ ನಾಲ್ವರೊಡನೆ ಹಾಲು ತುಂಬಿದ ತಂಬಿಗೆಯನ್ನೇ ಹಿಡಿದು ಬಂದರು. ತಂಬಿಗೆ ವಾಲಿತು. ನಾನು ಅಡ್ಡ ನಿಂತೆ.

“ಸುರೀಬ್ಯಾಡ್ರಿ ಗಂಗವ್ವಕ್ಕ. ಇಲ್ಲಿ ದೇವ್ರಿಲ್ಲ, ಕಪ್ಪಿ ಐತಿ. ನಾ ತಟ್ಟೋದು ಅದು ಸರೀಲಿ ಅಂತ.”

ಹಿಂದಿದ್ದ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಹಂಗಾರ ಇಷ್ಟು ದಿನ ನಾವು ಕಪ್ಪಿಗೆ ಕುಂಕುಮ ಏರಿಸೀವಿ! ಛಲೋ ಮಂಗ್ಯಾ ಮಾಡಿದಿ ಬಿಡವ್ವಾ.” ಗಂಗವ್ವಕ್ಕನ ಮುಖ ಮಾತ್ರ ಬಾಡಿತು. “ಎಲ್ಲೈತಿ? ತೋರ್ಸು” ಎಂದರು. ತೋರಿಸಿದೆ. ಐದೂ ಮಂದಿ ಬಗ್ಗಿದರು. ಕಂಡದ್ದು ಬರೀ ಕಲ್ಲು. “ಸುಳ್ಳು ಹೇಳ್ತಿ. ನಾವು ಹಿತ್ತಲದಾಗ ಬರೋದು ನಿನಗ ಸೇರವಲ್ದು, ಹೌದಿಲ್ಲೊ?”

ಸುಮ್ಮನಿದ್ದು ಆಡಿದ ಸುಳ್ಳನ್ನು ನಂಬಿದವರು ಬಾಯಿಬಿಟ್ಟು ಹೇಳಿದ ನಿಜವನ್ನು ನಂಬಲೊಲ್ಲರು. ಗತಿಯಿಲ್ಲದೆ ಬೆರಳ ಗೆಣ್ಣಿನಿಂದ ಅಂಚಿಗೆ ಮೂರು ತಟ್ಟಿದೆ. ಗಂಗವ್ವಕ್ಕನ ಮೂಗಿನಿಂದ ಗೇಣುದ್ದದಲ್ಲೇ ಕಲ್ಲು ಎರಡು ಕಣ್ಣು ಬಿಟ್ಟಿತು, ಚಿನ್ನದ ಉಂಗುರ ತೊಟ್ಟ ಕಣ್ಣು.

“ಯವ್ವಾ! ಕಣ್ಣೆದುರಿಗೇ ಕುಂತಿತ್ತಲ್ಲೇ!”

ಗಂಗವ್ವಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ಯಾರಿಗೋ ಅಲ್ಲ, ತಮಗೇ ಹೇಳಿಕೊಂಡ ಹಾಗೆ, “ಮಗಳನ್ನ ಉಳಿಸಿದ್ದು ಇದಲ್ಲ, ಬಿಡು. ಆದ್ರ ನಾ ಅಂದು ಅತ್ತಿದ್ದು ಯಾರೋ ಕೇಳ್ಯಾರ” ಎಂದರು. ಅವರೇ ಸೆರಗಿನ ತುದಿಯನ್ನು ನೀರಿಗೆ ಅದ್ದಿ, ತಾವೇ ಹಚ್ಚಿದ್ದ ಅರಿಷಿಣವನ್ನು ಅಂಚಿನಿಂದ ಒರೆಸಿದರು, ತಂಬಿಗೆಯನ್ನು ನನ್ನ ಕೈಗಿಟ್ಟು, “ನಿಂತು ಏನ್ ನೋಡ್ತಿ? ಹಾಲು ಕಾಸು, ಬೆಲ್ಲ ಹಾಕು, ಎಲ್ಲಾರೂ ಕುಡಿಯೋಣು” ಎಂದು ಗದರಿದರು. ಆ ಸಂಜೆ ದೀಪದ ಮುಂದೆ ನನ್ನ ನೆನಪಿನ ಸಾಲು ಉದ್ದವಾಯಿತು.

ಈಗಲೂ ಮೂರು ತಟ್ಟುತ್ತೇನೆ. ಮೊದಲು ಅದು ಸರಿಯಲೆಂದು ತಟ್ಟುತ್ತಿದ್ದೆ. ಈಗ ಅದು ಸರಿದ ಮೇಲೂ, ಎಲ್ಲಿ ಹೋಗಿ ಕಲ್ಲಾಯಿತೆಂದು ಹುಡುಕುತ್ತಾ ಕೊಡ ಹೊತ್ತುಕೊಂಡೇ ನಿಲ್ಲುತ್ತೇನೆ. ತಟ್ಟಿದ ಸದ್ದಿಗೆ ಗೋಡೆಯಾಚೆಯಿಂದ ಗಂಗವ್ವಕ್ಕ ಕೇಳುತ್ತಾರೆ: “ಐತೇನ ತಂಗಿ?”

ಕಂಡ ದಿನ “ಐತ್ರಿ” ಎನ್ನುತ್ತೇನೆ. ಕಾಣದ ದಿನವೂ ಹಾಗೇ ಎನ್ನುತ್ತೇನೆ.