ಕೈಯಾರೆ ಬರೆದದ್ದು

ನಾನು ಅಕ್ಷರ ಕಲಿತದ್ದು ಮೂವತ್ತಾರನೇ ವಯಸ್ಸಿಗೆ, ಹೆಂಡತಿಯ ಕೈ ಮುರಿದ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡವನಾದ ಮೇಲೆ ಓದು ಬರಹ ಕಲಿತ ಎಂದರೆ ಜನ ತಲೆ ಸವರಲು ಬರುತ್ತಾರೆ. ಪಾಪ, ಎಷ್ಟು ಛಲ ನೋಡಿ ಅನ್ನುತ್ತಾರೆ. ನನ್ನ ತಲೆ ಯಾರೂ ಸವರಬೇಕಾಗಿಲ್ಲ.

ಹುಟ್ಟಿದ್ದು ಜಗಳೂರು ಕಡೆಯ ಹಳ್ಳಿಯಲ್ಲಿ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ರೂಲುದೊಣ್ಣೆಯಿಂದ ಬೆರಳ ಗೆಣ್ಣಿಗೆ ಹೊಡೆದರು. ನಾನು ಸ್ಲೇಟು ಎತ್ತಿ ಅವರ ಹಣೆಗೆ ಬೀಸಿದೆ. ರಕ್ತ ಮೂಗಿನ ಮೇಲೆ ಇಳಿಯಿತು. ಸಂಜೆ ಅಪ್ಪ ಬಾರುಕೋಲಿನಿಂದ ಬಾರಿಸಿದ, ಕೋಲು ಮುರಿದ ಮೇಲೆ ಕೈಯಿಂದ ಬಾರಿಸಿದ, ಮಾರನೇ ದಿನ ಕುರಿ ಹಿಂದೆ ಕಳಿಸಿದ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಆಮೇಲೆ ಚನ್ನಗಿರಿಗೆ ಬಂದು ಅಡಿಕೆ ಮಂಡಿಯಲ್ಲಿ ಹಮಾಲಿಯಾದೆ. ಮೂಟೆ ಎಳೆಯಲು ಕೈಯಲ್ಲಿ ಒಂದು ಕಬ್ಬಿಣದ ಕೊಕ್ಕೆ ಇರುತ್ತದೆ. ಆ ಕೊಕ್ಕೆಯಿಂದ ಜೊತೆಯವನೊಬ್ಬನ ತೋಳು ಹರಿದಿದ್ದೇನೆ. ನನ್ನ ಬೆನ್ನಿನ ಮೇಲೂ ಒಂದು ಗೆರೆ ಇದೆ. ನನಗೆ ಮಾತು ಬರುವ ಮೊದಲೇ ಕೈ ಹೋಗುತ್ತಿತ್ತು. ಅದನ್ನು ನಾನು ಗಂಡಸುತನ ಎಂದುಕೊಂಡಿದ್ದೆ.

ಹೆಂಡತಿ ಗೋವಿನಕೋವಿಯವಳು, ಎಸ್ಸೆಸ್ಸೆಲ್ಸಿ ಪಾಸು. ಪೇಪರ್ ಓದುತ್ತಿದ್ದಳು, ಓರೆಯಾಗಿ ಚಂದದ ಸಹಿ ಮಾಡುತ್ತಿದ್ದಳು. ಒಂದು ದಿನ ರೇಷನ್ ಕಾರ್ಡಿನ ಕೆಲಸಕ್ಕೆ ಇಬ್ಬರೂ ಹೋದೆವು. ಅವಳು ಸಹಿ ಹಾಕಿದಳು. ನನ್ನ ಮುಂದೆ ಶಾಯಿಯ ಡಬ್ಬಿ ಬಂತು. ಸಾಲಿನಲ್ಲಿ ಹಿಂದೆ ನಿಂತಿದ್ದ ಯಾರೋ, "ಹೆಂಡ್ತಿ ಸಹಿ, ಗಂಡ ಹೆಬ್ಬೆಟ್ಟು. ಮನೇಲಿ ಯಾರ ಕಾರುಬಾರು ಅಂತ ಗೊತ್ತಾತು ಬಿಡ್ರಿ" ಅಂದ. ಜನ ನಕ್ಕರು. ಅವಳೂ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ನಕ್ಕಳು ಎಂದೇ ಲೆಕ್ಕ ಹಾಕಿದೆ.

ಮನೆಗೆ ಬಂದವನೇ ಬಾಗಿಲು ಹಾಕಿ ಹೊಡೆದೆ. ಕೆನ್ನೆಗೆ, ಬೆನ್ನಿಗೆ, ಬಿದ್ದ ಮೇಲೆ ಹೊಟ್ಟೆಗೆ ಕಾಲಿನಿಂದ. ಕೂರುವ ಮಣೆ ಕೈಗೆ ಸಿಕ್ಕಿತು, ತಲೆಗೆ ಬೀಸಿದೆ. ಅವಳು ಬಲಗೈ ಅಡ್ಡ ತಂದಳು. ಒಣ ಸೌದೆ ಮುರಿದ ಹಾಗೆ ಸದ್ದಾಯಿತು. ಅವಳು ಮಣಿಕಟ್ಟನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದಕ್ಕೆ ಅವಳ ಸಹಿ ಬೇಕಿತ್ತು. ಬಲಗೈ ಏಳಲಿಲ್ಲ. ನರ್ಸಮ್ಮ ಅವಳ ಎಡಗೈ ಹೆಬ್ಬೆರಳನ್ನು ಶಾಯಿಗೆ ಅದ್ದಿ ಒತ್ತಿಸಿಕೊಂಡಳು. ಅಷ್ಟು ಹೊಡೆತಕ್ಕೂ ಅಳದವಳು ಆ ನೀಲಿ ಗುರುತು ನೋಡಿ ಬಿಕ್ಕಿ ಬಿಕ್ಕಿ ಅತ್ತಳು. ಪ್ಲಾಸ್ಟರ್ ಹಾಕಿಸಿಕೊಂಡು ಆಸ್ಪತ್ರೆಯಿಂದಲೇ ತವರಿಗೆ ಹೋದಳು.

ಮೊಬೈಲಿನಲ್ಲಿ ದಿನಕ್ಕೆ ಹತ್ತು ಸಲ ನನ್ನ ದನಿ ರೆಕಾರ್ಡ್ ಮಾಡಿ ಕಳಿಸಿದೆ. ತಪ್ಪಾಯಿತು ಅಂದೆ, ಬೈದೆ, ಮತ್ತೆ ತಪ್ಪಾಯಿತು ಅಂದೆ. ಅವಳು ಒಂದನ್ನೂ ಪೂರ್ತಿ ಕೇಳಲಿಲ್ಲ. ಕೊನೆಗೆ ಅವಳ ತಮ್ಮ ಫೋನ್ ಮಾಡಿದ. "ಭಾವಾ, ನಿಮ್ ದನಿ ಕೇಳಿದ್ರೆ ಅಕ್ಕನ ಮೈ ನಡುಗ್ತೈತೆ. ಬಾಯಿಮಾತು ಬ್ಯಾಡ ಅಂತಾಳೆ. ಏನೇನು ಮಾಡೀರಿ ಅಂತ ನಿಮ್ ಕೈಯಾರೆ ಬರೆದು ಕಳಿಸ್ರಿ. ಬೇರೆಯವರ ಕೈಲಿ ಬರೆಸಿದ್ರೆ ಹರಿದು ಹಾಕ್ತಾಳಂತೆ."

ಈ ಹಿಂದೆ ಎರಡು ಸಲ ಹಿರಿಯರ ಮುಂದೆ ಮುಚ್ಚಳಿಕೆ ಕೊಟ್ಟಿದ್ದೆ, ಇನ್ನು ಮುಂದೆ ಕೈ ಮಾಡುವುದಿಲ್ಲ ಎಂದು. ಬರೆದವರು ಬೇರೆಯವರು, ಹೆಬ್ಬೆಟ್ಟು ನನ್ನದು. ಎರಡನ್ನೂ ಮುರಿದಿದ್ದೆ. ಈಗ ಬರೆದುಕೊಟ್ಟರೆ ಬರುತ್ತಾಳೆ ಎಂದು ಯಾರೂ ಹೇಳಿರಲಿಲ್ಲ. ನಾನೇ ಅಂದುಕೊಂಡೆ, ಅಂದುಕೊಂಡು ಗಟ್ಟಿ ಹಿಡಿದೆ.

ಬಸ್ ಸ್ಟ್ಯಾಂಡ್ ಹತ್ತಿರ ಕೆರೆಬಿಳಚಿಯ ಒಬ್ಬ ಸಾಬರು ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಬರೆಯುವುದೇ ಗತಿ, ಬಿಡುವು ಬೇಕಾದಷ್ಟಿತ್ತು.

"ಸಾಬ್ರೇ, ನಂಗೆ ಬರೆಯಾಕೆ ಕಲಿಸ್ರಿ."

"ಸಹಿ ಮಾಡಾಕಾ?"

"ಅಲ್ರಿ. ಕಾಗದ ಬರೆಯಾಕೆ."

ಅವರು ನನ್ನನ್ನು ಮೇಲೆ ಕೆಳಗೆ ನೋಡಿದರು. ನನ್ನ ವಿಷಯ ಊರಿಗೆಲ್ಲ ಗೊತ್ತಿತ್ತು. ಹಳೇ ತಗಡಿನ ಬೋರ್ಡು ತಿರುಗಿಸಿ ಇಟ್ಟು ಸೀಮೆಸುಣ್ಣ ಕೊಟ್ಟರು. ಅವರ ಪ್ರಕಾರ ಅಕ್ಷರಕ್ಕೆ ಮೊದಲು ಹೊಟ್ಟೆ, ಆಮೇಲೆ ಮೇಲಿನ ತಲೆಕಟ್ಟು. ನಾನು ಎಲ್ಲ ಅಕ್ಷರಕ್ಕೂ ತಲೆಕಟ್ಟನ್ನು ಉಲ್ಟಾ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಅವರು ಬೇಸತ್ತು ಬ್ರಷ್ಷಿನ ಹಿಡಿಯಿಂದ ನನ್ನ ಬೆರಳ ಗೆಣ್ಣಿಗೆ ತಟ್ಟಿದರು. ಗೊತ್ತಾಗುವ ಮೊದಲೇ ಅವರ ಕುತ್ತಿಗೆ ಹಿಡಿದಿದ್ದೆ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಗೊತ್ತಿತ್ತು. ಗೊತ್ತಿದ್ದೇ ಎಪ್ಪತ್ತರ ಮುದುಕನ ಗಂಟಲು ಅಮುಕಿದೆ. ಟೋಪಿ ಬಿತ್ತು, ಕಣ್ಣು ಮೇಲಾಯಿತು. ಚಹಾ ಅಂಗಡಿಯವರು ಓಡಿ ಬಂದು ನನ್ನನ್ನು ಎಳೆದು ಚರಂಡಿ ಪಕ್ಕ ಕೆಡವಿ ಸರಿಯಾಗಿ ತುಳಿದರು.

ಮಾರನೇ ದಿನ ಊದಿದ ಮುಖ ಹೊತ್ತು ಹೋಗಿ ನಿಂತೆ. ಸಾಬರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. "ಬಂದ್ಯಾ? ನಾನು ತಟ್ಟಿದ್ದೂ ತಪ್ಪೇ, ಇನ್ ತಟ್ಟಲ್ಲ. ನೀನು ಇನ್ನೊಂದ್ ಸಲ ಕೈ ಮಾಡಿದ್ರೆ ಇದೇ ತಗಡಿನಿಂದ ತಲೆ ಬಿಚ್ತೀನಿ. ಕೂತ್ಕೋ, ತಲೆಕಟ್ಟು ಹಾಕು" ಅಂದರು. ದನಿ ಹೊರಡುತ್ತಿರಲಿಲ್ಲ, ಗಾಳಿಯಷ್ಟೇ ಬರುತ್ತಿತ್ತು. ನನಗೆ ನಾಚಿಕೆಯಾಯಿತು. ಕೂತೆ.

ಆರೇಳು ತಿಂಗಳಿಗೆ ಪದ ಕೂಡಿಸಲು ಬಂತು. ಕಾಗದದ ಮೊದಲ ಸಾಲನ್ನು ಸಾಬರಿಗೆ ತೋರಿಸಿದೆ: 'ಆವತ್ತು ಸಿಟ್ಟು ಬಂತು, ಏಟು ಬಿತ್ತು.'

"ಎಲ್ಲಿಂದ ಬಿತ್ತಪ್ಪಾ? ತೆಂಗಿನ ಮರದಿಂದಾನಾ?"

ನನಗೆ ಅರ್ಥವಾಗಲಿಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಅಪ್ಪನೂ ಹಾಗೇ ಅನ್ನುತ್ತಿದ್ದ, ಪಂಚಾಯ್ತಿಯ ಹಿರಿಯರೂ ಹಾಗೇ ಬರೆಸಿದ್ದರು. ಏಟು ಬೀಳುತ್ತದೆ, ಹಾಕಿದವನು ಕಾಗದದಲ್ಲಿ ಇರುವುದೇ ಇಲ್ಲ.

"ನಾನು ಅಂತ ಹಾಕು" ಅಂದರು ಸಾಬರು. "ಉಳಿದದ್ದನ್ನ ನಂಗೆ ತೋರಿಸ್ಬ್ಯಾಡ. ಅದು ನಿಂದು."

'ನಾನು' ಎಂಬ ಎರಡಕ್ಷರ ಬರೆಯಲು ಮೂಟೆ ಹೊತ್ತಷ್ಟು ಬೆವರು ಹರಿಯಿತು. ಒಂದೊಂದೇ ನೆನಪಿಸಿಕೊಂಡು ಬರೆದೆ. ಮದುವೆಯಾದ ಮೂರನೇ ತಿಂಗಳು ಸಾರಿಗೆ ಉಪ್ಪು ಹೆಚ್ಚಾಯಿತೆಂದು. ಅವಳು ಬಸುರಿಯಿದ್ದಾಗ ನೀರಿನ ಕೊಡದಿಂದ. ಆ ಬಸಿರು ಹೋಯಿತು, ಆಮೇಲೆ ಮತ್ತೆ ನಿಲ್ಲಲಿಲ್ಲ. ಬರೆಯುತ್ತಾ ಎರಡು ಸಲ ಪೆನ್ನನ್ನು ಗೋಡೆಗೆ ಎಸೆದೆ. ನಾಲ್ಕು ಹಾಳೆ ತುಂಬಿತು. ಅಂಚೆಗೆ ಹಾಕಿ, ಮನೆಗೆ ಸುಣ್ಣ ಹೊಡೆಸಿ, ಅವಳ ದಾರಿ ಕಾಯುತ್ತಾ ಕುಳಿತೆ.

ಬಂದದ್ದು ಹೊನ್ನಾಳಿ ಕೋರ್ಟಿನ ನೋಟಿಸು. ಸರ್ಕಾರದ ಕಾಗದವೊಂದನ್ನು ನಾನೇ ಓದಿದ್ದು ಅದೇ ಮೊದಲು. 'ವಿಚ್ಛೇದನ' ಎಂಬ ಪದದ ಒತ್ತಿನಲ್ಲಿ ಸಿಕ್ಕಿಕೊಂಡು ಒಂದು ಗಂಟೆ ತಡಕಾಡಿದೆ. ತಿಳಿದ ಮೇಲೆ ಕನ್ನಡಿ ಒಡೆದೆ, ಬಾಗಿಲನ್ನು ಒದ್ದು ಒದ್ದು ತಿರುಗಣಿ ಕಿತ್ತೆ. ನನ್ನ ಕೈಯಿಂದಲೇ ಬರೆಸಿಕೊಂಡು ನನ್ನ ಮೇಲೆಯೇ ಕೇಸು ಹಾಕಿದ್ದಳು. ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಹತ್ತಿದೆ. ಅವಳನ್ನು ಮುಗಿಸಲೆಂದೇ ಹೊರಟದ್ದು, ಮಾತಾಡಲು ಅಲ್ಲ.

ನೋಟಿಸಿನ ಜೊತೆ ನನ್ನ ಕಾಗದದ ಜೆರಾಕ್ಸ್ ಇತ್ತು. ಬರೆದ ಮೇಲೆ ಅದನ್ನು ನಾನು ಓದಿರಲಿಲ್ಲ. ಬಸ್ಸಿನಲ್ಲಿ ಬೆರಳಿಟ್ಟುಕೊಂಡು ಓದಿದೆ. ಹಾಳೆಯ ಮೇಲಿನ ಮನುಷ್ಯ ಯಾರೋ ಬೇರೆಯವನಾಗಿದ್ದರೆ ಕೊಕ್ಕೆ ಹಾಕಿ ಎಳೆಯುತ್ತಿದ್ದೆ. ಹೊನ್ನಾಳಿಯಲ್ಲಿ ಇಳಿದೆ. ಅವಳ ತವರಿಗೆ ಹೋಗುವ ನ್ಯಾಮತಿ ಕಡೆಯ ಬಸ್ ಹತ್ತಲಿಲ್ಲ.

ನನ್ನ ವಕೀಲರು ಕಾಗದ ನೋಡಿ ನಕ್ಕರು. "ಅವರ ಹತ್ರ ಇರೋ ಗಟ್ಟಿ ಸಾಕ್ಷಿ ಇದೊಂದೇ. ನಂದಲ್ಲ ಅಂದ್ಬಿಡು. ಬ್ಯಾಂಕು, ರೇಷನ್ನು, ಎಲ್ಲಾ ಕಡೆ ನಿಂದು ಹೆಬ್ಬೆಟ್ಟೇ ಐತೆ. ಅಕ್ಷರಾನೇ ಬರಾಕಿಲ್ಲ ಅನ್ನು. ಕೇಸು ಬಿದ್ದೋಗ್ತೈತೆ, ಹೆಂಡ್ತಿ ನಿನ್ ಹೆಂಡ್ತಿಯಾಗೇ ಉಳೀತಾಳೆ." ಆ ಮಾತಿಗೆ ನನ್ನ ಬಾಯಲ್ಲಿ ನೀರೂರಿತು ಎಂದರೆ ಅದೂ ನಿಜ. ಒಂದು ಸುಳ್ಳಿಗೆ ಅವಳು ಸಿಗುತ್ತಿದ್ದಳು. ಹದಿನೈದು ದಿನ ಆ ಸುಳ್ಳನ್ನು ಬಾಯಿಪಾಠ ಮಾಡಿದೆ.

ಕೋರ್ಟಿನಲ್ಲಿ ಅವಳು ಎದುರಿಗೇ ನಿಂತಿದ್ದಳು. ಬಲಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು, ಸೆರಗಿನಲ್ಲಿ ಮುಚ್ಚಿದ್ದಳು. ನನ್ನನ್ನು ಕಟಕಟೆಗೆ ಕರೆದು ಹಾಳೆ ತೋರಿಸಿದರು. ನ್ಯಾಯಾಧೀಶರು, "ಈ ಬರಹ ನಿಮ್ಮದಾ?" ಅಂದರು.

ಬಾಯಿಪಾಠ ಮಾಡಿದ್ದು ನಾಲಿಗೆಯ ತುದಿಯಲ್ಲಿತ್ತು. ಹಾಳೆಯಲ್ಲಿ ನಾನು ಬೆವರಿಳಿಸಿ ಬರೆದ ದೊಡ್ಡ ದೊಡ್ಡ ಅಕ್ಷರಗಳಿದ್ದವು.

"ನಂದೇ ಸ್ವಾಮಿ" ಅಂದೆ.

ನಮ್ಮ ವಕೀಲರು ಕೈಲಿದ್ದ ಫೈಲನ್ನು ಮೇಜಿಗೆ ಕುಕ್ಕಿದರು. ನ್ಯಾಯಾಧೀಶರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿ ಒಂದು ಕಡೆ ನಿಂತರು. "'ನಾನು ಅವಳನ್ನು ಒಡೆದೆ.' ಇಡೀ ಕಾಗದದಲ್ಲಿ ಹೀಗೇ ಇದೆ. ಒಡೆಯೋದು ಮಡಕೆಯನ್ನ ರೀ. ಮನುಷ್ಯರಿಗಾದರೆ ಹೊಡೆಯೋದು. ದಾಖಲಿಸಿಕೊಳ್ಳಬೇಕಲ್ಲ, ನೀವು ಹೇಳುತ್ತಿರುವುದು ಯಾವುದು? ಹೊಡೆದದ್ದಾ, ಒಡೆದದ್ದಾ?"

ಹಿಂದೆ ಯಾರೋ ಕಿಸಕ್ಕೆಂದರು. ನಮ್ಮ ನಾಲಿಗೆಗೆ 'ಹ' ಸರಿಯಾಗಿ ಹತ್ತುವುದಿಲ್ಲ. ಹೇಳಿದ ಹಾಗೇ ಬರೆದಿದ್ದೆ. ತಪ್ಪೆಂದು ಗೊತ್ತಾದದ್ದು ಆವತ್ತೇ. ಅವಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ.

"ಎರಡೂ ಸ್ವಾಮಿ" ಅಂದೆ. ಅವರು ಹಾಗೆಯೇ ಟೈಪ್ ಮಾಡಿಸಿದರು.